ಮಳೆಗಾಲ ಹಿಡಿಯುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸುವವರಿಗೆ

ಮನೆಯ ವೈರಿಂಗ್ ನೋಡಿಸುವುದಿದ್ದರೆ ಯುಗಾದಿ ಮುಗಿದ ಕೂಡಲೇ ಎಲೆಕ್ಟ್ರಿಷಿಯನ್‌ಗೆ ಹೇಳಿಬಿಡಿ. ನಾವಿರುವುದು ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ, ತೋಟದ ಮನೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಇಲ್ಲಿ ಗುಡುಗು ಸಿಡಿಲು ಕಟ್ಟಿಕೊಂಡೇ ಬರುತ್ತದೆ. ಅದು ಬಂದ ಮಾರನೇ ದಿನದಿಂದ ಪೇಟೆಯ ಎಲೆಕ್ಟ್ರಿಷಿಯನ್ನುಗಳ ಫೋನಿಗೆ ಬಿಡುವಿಲ್ಲ. ಒಬ್ಬರ ಮೋಟರ್ ಸುಟ್ಟಿರುತ್ತದೆ, ಇನ್ನೊಬ್ಬರ ಟಿವಿ ಹೋಗಿರುತ್ತದೆ, ಮತ್ತೊಬ್ಬರ ಮನೆಯಲ್ಲಿ ಮದುವೆ, ಚಪ್ಪರಕ್ಕೆ ಲೈಟ್ ಆಗಬೇಕು. "ಅಟ್ಟದ ವೈರು ಒಂದ್ಸಲ ನೋಡಿ ಹೋಗಿ" ಅನ್ನುವ ನಮ್ಮಂಥವರ ಕೆಲಸಕ್ಕೆ ಆಗ ಯಾರೂ ಸಿಗುವುದಿಲ್ಲ. ಸಿಕ್ಕರೂ ಗಡಿಬಿಡಿಯಲ್ಲಿ ಬಂದು ಗಡಿಬಿಡಿಯಲ್ಲಿ ಹೋಗುತ್ತಾರೆ. ಕರೆಂಟಿನ ಕೆಲಸಕ್ಕೆ ಗಡಿಬಿಡಿ ಬೇಡವೇ ಬೇಡ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಲೈಟ್ ಹತ್ತಿದೆ ಅಂದ ಮಾತ್ರಕ್ಕೆ ವೈರಿಂಗ್ ಸರಿಯಿದೆ ಅಂತಲ್ಲ. ಅರ್ಥಿಂಗ್, ಅಂದರೆ ಲೀಕ್ ಆದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಇಲ್ಲದ ಮನೆಯಲ್ಲೂ ಫ್ಯಾನ್ ತಿರುಗುತ್ತದೆ, ಫ್ರಿಜ್ ತಣ್ಣಗಿರುತ್ತದೆ, ಮಿಕ್ಸಿ ರುಬ್ಬುತ್ತದೆ. ಇಲ್ಲ ಅನ್ನುವುದು ಗೊತ್ತಾಗುವುದು ಗೀಸರ್ ಒಳಗೆ ಲೀಕ್ ಆಗಿ, ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದ ದಿನ. ಅದಕ್ಕೇ ಕೆಲಸದವರು ಎಷ್ಟು ಬೇಗ ಲೈಟ್ ಹತ್ತಿಸಿದರು ಅಂತ ನೋಡಬೇಡಿ. ಹತ್ತಿಸಿದ ಮೇಲೆ ಏನೇನು ಟೆಸ್ಟ್ ಮಾಡಿ ತೋರಿಸಿದರು ಅಂತ ನೋಡಿ.

ಯಾರನ್ನು ಕರೆಸುವುದು

ಕಂಬದಿಂದ ಮೀಟರಿನವರೆಗೆ ಕರೆಂಟ್ ಕೊಡುವ ಕಂಪನಿಯದ್ದು, ನಮ್ಮಲ್ಲಿ ಮೆಸ್ಕಾಂನವರದ್ದು. ಮೀಟರ್ ದಾಟಿದ ಮೇಲಿನದೆಲ್ಲ ನಮ್ಮದು. ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರು ಕಡೆಯ ಸೆಸ್ಕ್, ಎಲ್ಲ ಕಡೆಗೂ ಇದೇ ಲೆಕ್ಕ. ಕಂಬದಲ್ಲಿ ಕಿಡಿ ಹಾರುತ್ತಿದ್ದರೆ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಜೋತುಬಿದ್ದಿದ್ದರೆ, ಮೀಟರಿನ ಹತ್ತಿರ ಸುಟ್ಟ ವಾಸನೆ ಬಂದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ಪ್ರಯೋಜನವಿಲ್ಲ, 1912ಕ್ಕೆ ಮಾಡಬೇಕು. ಮೀಟರಿನ ಸೀಲ್ ಒಡೆಯಲು ಎಲೆಕ್ಟ್ರಿಷಿಯನ್‌ಗೂ ಅಧಿಕಾರವಿಲ್ಲ, ನಮಗೂ ಇಲ್ಲ. "ಸೀಲ್ ತೆಗೆದು ಐದು ನಿಮಿಷದಲ್ಲಿ ಮಾಡ್ಕೊಡ್ತೀನಿ" ಅನ್ನುವವರನ್ನು ಚಹಾ ಕೊಟ್ಟು ಕಳಿಸಿಬಿಡಿ. ಹಾಗೆಯೇ, ಕಂಬದ ಕೆಲಸಕ್ಕೆ ಬಂದ ಲೈನ್‌ಮನ್ ಪರಿಚಯದವರು ಅಂತ ಮನೆಯೊಳಗಿನ ಕೆಲಸ ಹೇಳುವ ರೂಢಿ ನಮ್ಮ ಕಡೆ ಇದೆ. ಪಾಪ, ಮಳೆಯಲ್ಲಿ ನೆನೆದುಕೊಂಡು ಊರೆಲ್ಲ ಸುತ್ತುವವರು ಅವರು. ಅವರ ಕೆಲಸವೇ ಬೇರೆ.

ಕೆಲಸಕ್ಕೆ ತಕ್ಕ ಜನ ಬೇಕು. ಸ್ವಿಚ್ ಬದಲಾಯಿಸುವುದು, ಫ್ಯಾನ್ ಕಟ್ಟುವುದು ಇವಕ್ಕೆ ಕೈ ಪಳಗಿದ ಎಲೆಕ್ಟ್ರಿಷಿಯನ್ ಸಾಕು. ಹೊಸ ಮೀಟರ್ ತೆಗೆದುಕೊಳ್ಳುವುದು, ಲೋಡ್ ಜಾಸ್ತಿ ಮಾಡಿಸುವುದು, ಮನೆಗೆ ಪೂರ್ತಿ ಹೊಸ ವೈರಿಂಗ್ ಮಾಡಿಸುವುದು ಇದ್ದರೆ ಲೈಸೆನ್ಸ್ ಇರುವ ಕಂಟ್ರಾಕ್ಟರೇ ಬೇಕು. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಆ ಲೈಸೆನ್ಸ್ ಕೊಡುತ್ತದೆ. ಅವರ ಕೈಕೆಳಗೆ ಕೆಲಸ ಮಾಡುವವರಿಗೆ ವೈರ್‌ಮನ್ ಪರ್ಮಿಟ್ ಇರುತ್ತದೆ. ಸುಮ್ನೆ "ಪರ್ಮಿಟ್ ಇದೆಯಾ?" ಅಂತ ಕೇಳಿ. ಇದ್ದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೆಸರು ಕೇಳುವಾಗ ಈಗಷ್ಟೇ ಗೃಹಪ್ರವೇಶ ಮಾಡಿದವರನ್ನು ಕೇಳಬೇಡಿ. ಅವರಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿರುತ್ತದೆ. ಐದಾರು ಮಳೆಗಾಲ ಕಂಡ ವೈರಿಂಗ್ ಇರುವ ಮನೆಯವರನ್ನು ಕೇಳಿ. ಇನ್ನೊಂದು ಒಳ್ಳೆಯ ಜಾಗ ಮೋಟರ್ ರಿವೈಂಡಿಂಗ್ ಅಂಗಡಿ. ಯಾರು ಹಾಕಿದ ಕನೆಕ್ಷನ್ನಿನಿಂದ ಮೋಟರ್ ಪದೇ ಪದೇ ಸುಟ್ಟು ಬರುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬಾಯಿಬಿಟ್ಟು ಹೇಳದಿದ್ದರೂ, ಯಾರ ಹೆಸರು ಹೇಳಿದಾಗ ಅವರು ಸುಮ್ಮನಾಗುತ್ತಾರೆ ಅಂತ ಗಮನಿಸಿದರೆ ಸಾಕು.

ಫೋನಿನಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: "ಮೆಗ್ಗರ್ ಇದೆಯಾ?" ವೈರಿನ ಮೇಲಿನ ಹೊದಿಕೆ ಎಷ್ಟು ಗಟ್ಟಿ ಉಳಿದಿದೆ ಅಂತ ಅಳೆಯುವ ಮೀಟರ್ ಅದು. ಈಗ ನಮ್ಮಲ್ಲಿಗೆ ಬರುವವರು ಮೊದಲ ಸಲ ನಕ್ಕುಬಿಟ್ಟರು. "ಇದೆ ಅಕ್ಕಾ. ಆದ್ರೆ ಯಾರೂ ಕೇಳಲ್ಲ, ಮನೇಲೇ ಬಿದ್ದಿರುತ್ತೆ. ತರ್ಲಾ?" ಅಂದರು. ಅಲ್ಲಿಗೆ ನನಗೆ ಸಮಾಧಾನವಾಯಿತು. ಮನೆಯ ವೈರಿಂಗ್‌ಗೆ 500 ವೋಲ್ಟಿನ ಮೆಗ್ಗರ್ ಬಳಸುತ್ತಾರೆ. ರೀಡಿಂಗ್ 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಲೈನಿನಲ್ಲಿ ಎಲ್ಲೋ ಹೊದಿಕೆ ಹೋಗಿದೆ ಅಂತ ಅರ್ಥ. ಮೆಗ್ಗರ್ ಹಾಕುವ ಮುಂಚೆ ಮೇನ್ ಆಫ್ ಆಗಿರಬೇಕು, ಟಿವಿ, ಫ್ರಿಜ್, ಚಾರ್ಜರ್ ಎಲ್ಲದರ ಪ್ಲಗ್ ಕಿತ್ತಿರಬೇಕು, ಎಲ್‌ಇಡಿ ಬಲ್ಬುಗಳನ್ನೂ ತೆಗೆದಿರಬೇಕು. ಇಲ್ಲದಿದ್ದರೆ ಅವೇ ಹಾಳಾಗುತ್ತವೆ. ಇಷ್ಟನ್ನು ಎಲೆಕ್ಟ್ರಿಷಿಯನ್ ಬರುವ ಹೊತ್ತಿಗೆ ನಾವೇ ಮಾಡಿಟ್ಟರೆ ಅವರ ಅರ್ಧ ಗಂಟೆ ಉಳಿಯುತ್ತದೆ.

ಏನಾಗಿದೆ ಅಂತ ಸರಿಯಾಗಿ ಹೇಳಿ

"ಕರೆಂಟ್ ಹೋಗಿ ಹೋಗಿ ಬರ್ತಿದೆ" ಅಂದರೆ ಎಲೆಕ್ಟ್ರಿಷಿಯನ್‌ಗೆ ಏನೂ ಗೊತ್ತಾಗುವುದಿಲ್ಲ. ಪೇಟೆಯಿಂದ ಬೈಕಿನಲ್ಲಿ ಅಷ್ಟು ದೂರ ಬಂದು, ಬೇಕಾದ ಸಾಮಾನು ಇಲ್ಲ ಅಂತ ವಾಪಸ್ ಹೋದರೆ ಇಬ್ಬರಿಗೂ ನಷ್ಟ. ಬೋರ್ಡಿನಲ್ಲಿ ತಾನಾಗಿಯೇ ಬೀಳುವ ಸ್ವಿಚ್ಚುಗಳಲ್ಲಿ ಬಿದ್ದಿದ್ದು ಎಂಸಿಬಿಯೋ ಆರ್‌ಸಿಸಿಬಿಯೋ? ಎಷ್ಟು ಹೊತ್ತಿಗೆ? ಮಳೆ ಇತ್ತಾ? ಆಗ ಯಾವುದು ಆನ್ ಇತ್ತು? ನಾಲ್ಕು ಸಾಲು ಬರೆದು ವಾಟ್ಸಾಪ್ ಮಾಡಿ, ಬೋರ್ಡಿನ ಫೋಟೊ ಕಳಿಸಿ.

ಎಂಸಿಬಿ ಬೀಳುವುದು ಒಂದೋ ಆ ಲೈನಿಗೆ ಹೊರೆ ಜಾಸ್ತಿಯಾದಾಗ, ಇಲ್ಲವೇ ಶಾರ್ಟ್ ಆದಾಗ. ಆರ್‌ಸಿಸಿಬಿ ಬೀಳುವುದು ಹೋದ ಕರೆಂಟು ಪೂರ್ತಿ ವಾಪಸ್ ಬರದೆ, ಸ್ವಲ್ಪ ನೆಲಕ್ಕೆ ಹರಿದಾಗ. ಎರಡೂ ಬೇರೆ ಬೇರೆ ಕಾಯಿಲೆ. ಆರ್‌ಸಿಸಿಬಿ ಬೀಳುತ್ತಿದ್ದರೆ ಯಾವ ಲೈನಿನಿಂದ ಅಂತ ಹುಡುಕಲು ನಮಗೂ ಆಗುತ್ತದೆ. ಎಲ್ಲ ಎಂಸಿಬಿ ಕೆಳಗೆ ಮಾಡಿ. ಆರ್‌ಸಿಸಿಬಿ ಎತ್ತಿ. ಆಮೇಲೆ ಒಂದೊಂದೇ ಎಂಸಿಬಿ ಎತ್ತುತ್ತ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ತೊಂದರೆ ಅಲ್ಲಿದೆ. ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ಎತ್ತಿ ನೋಡಿ. ಆಗ ನಿಂತರೆ ವೈರಿನ ತಪ್ಪಲ್ಲ, ಕಿತ್ತಿಟ್ಟ ಸಾಮಾನುಗಳಲ್ಲಿ ಒಂದರ ತಪ್ಪು. ಎಲ್ಲ ಎಂಸಿಬಿ ಕೆಳಗಿದ್ದಾಗಲೂ ಆರ್‌ಸಿಸಿಬಿ ನಿಲ್ಲದಿದ್ದರೆ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಮನೆಗಳಲ್ಲಿ ಎಂಸಿಬಿ ಕರೆಂಟು ತರುವ ಫೇಸ್ ವೈರನ್ನು ಮಾತ್ರ ಕಡಿಯುತ್ತದೆ, ಅದು ವಾಪಸ್ ಹೋಗುವ ನ್ಯೂಟ್ರಲ್ ವೈರ್ ಹಾಗೇ ಇರುತ್ತದೆ. ನ್ಯೂಟ್ರಲ್ ಎಲ್ಲೋ ಗೋಡೆಗೋ ಅರ್ಥಿಗೋ ತಾಗಿದ್ದರೂ ಆರ್‌ಸಿಸಿಬಿ ಬೀಳಬಹುದು. ಅದನ್ನು ಹುಡುಕುವುದು ಎಲೆಕ್ಟ್ರಿಷಿಯನ್ ಕೆಲಸ.

ನಮ್ಮ ಕಡೆ ಜುಲೈನಲ್ಲಿ ಆರ್‌ಸಿಸಿಬಿ ಬಿದ್ದರೆ ಅನುಮಾನ ಮೊದಲು ಅಂಗಳದ ಲೈಟಿನ ಮೇಲೆ, ಆಮೇಲೆ ಬಾವಿ ಮೋಟರಿನ ಕೇಬಲ್ ಜಾಯಿಂಟಿನ ಮೇಲೆ, ಅದಾದ ಮೇಲೆ ಗೀಸರಿನ ಕಾಯಿಲಿನ ಮೇಲೆ. ಆದರೆ ಕೆಲವರು ಇದಕ್ಕೆ ಕಂಡುಕೊಂಡ ಪರಿಹಾರ ಕೇಳಿದರೆ ಎದೆ ಝಲ್ಲೆನ್ನುತ್ತದೆ. "ಪದೇ ಪದೇ ಬೀಳ್ತಾ ಇತ್ತು, ಅದನ್ನ ತೆಗೆಸಿ ಡೈರೆಕ್ಟ್ ಕೊಡಿಸಿಬಿಟ್ವಿ" ಅನ್ನುತ್ತಾರೆ!

ಆರ್‌ಸಿಸಿಬಿ, ಅರ್ಥಿಂಗ್ ಮತ್ತು ಒಂದು ಬಲ್ಬು

ಹಳೆಯ ಮನೆಗಳಲ್ಲಿ ಆರ್‌ಸಿಸಿಬಿ ಇರುವುದಿಲ್ಲ. ಎಂಸಿಬಿ ಇದೆಯಲ್ಲ ಅಂತ ಜನ ನಿಶ್ಚಿಂತೆಯಿಂದ ಇರುತ್ತಾರೆ. ಎಂಸಿಬಿ ಇರುವುದು ವೈರ್ ಸುಡದ ಹಾಗೆ ನೋಡಿಕೊಳ್ಳಲು, ಮನುಷ್ಯರನ್ನು ಉಳಿಸಲು ಅಲ್ಲ. 6 ಆಂಪಿಯರ್ ಎಂಸಿಬಿ ಅಂದರೆ 6,000 ಮಿಲಿ ಆಂಪಿಯರ್. ಮನುಷ್ಯರ ಜೀವ ತೆಗೆಯಲು ಅದರ ಒಂದು ಚೂರು ಸಾಕು, ಎಂಸಿಬಿಗೆ ಗೊತ್ತೂ ಆಗುವುದಿಲ್ಲ. ಮನೆಗೆ ಹಾಕಿಸಬೇಕಾದದ್ದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. 100 ಮಿಲಿ ಆಂಪಿಯರಿನದ್ದೂ ಅಂಗಡಿಯಲ್ಲಿ ಸಿಗುತ್ತದೆ, ಅದು ಬೆಂಕಿ ತಡೆಯಲು ಆದೀತು, ಶಾಕ್ ತಡೆಯಲು ಸಾಲದು. ಖರ್ಚು ಒಂದಕ್ಕೇ ಸಾಕು ಅನ್ನುವವರು ಬೇರೆಲ್ಲ ಬಿಟ್ಟು ಇದನ್ನು ಹಾಕಿಸಿ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಅದೂ ಕಾಪಾಡುವುದಿಲ್ಲ ಅನ್ನುವುದು ನೆನಪಿರಲಿ.

ಅದರ ಮೇಲೆ 'ಟಿ' ಅಂತ ಬರೆದ ಚಿಕ್ಕ ಬಟನ್ ಇರುತ್ತದೆ. ಕರೆಂಟ್ ಇರುವಾಗ ಒತ್ತಿದರೆ ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ, ಬದಲಾಯಿಸಿ. ತಿಂಗಳಿಗೊಮ್ಮೆ ಒತ್ತಬೇಕು ಅಂತ ಎಲ್ಲರೂ ಹೇಳುತ್ತಾರೆ, ಯಾರಿಗೂ ನೆನಪಿರುವುದಿಲ್ಲ. ನಾನು ಮೀಟರ್ ರೀಡಿಂಗ್‌ನವರು ಬಿಲ್ ಕೊಟ್ಟು ಹೋದ ಕೂಡಲೇ ಒತ್ತುತ್ತೇನೆ. ಅವರಂತೂ ತಿಂಗಳು ತಪ್ಪಿಸುವುದಿಲ್ಲ.

ಇನ್ನು ಅರ್ಥಿಂಗ್. ಇಲ್ಲಿಯೇ ಮೋಸ ಜಾಸ್ತಿ, ಯಾಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸುವುದು ಹಳೆಯ ಕ್ರಮ. ನಮ್ಮದು ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ಕಾಲಿಟ್ಟರೆ ನೀರು ಒಸರುತ್ತದೆ, ಮಾರ್ಚ್ ಬಂತೆಂದರೆ ಕಲ್ಲಿನಂತೆ ಒಣಗುತ್ತದೆ. ನೆಲ ಒಣಗಿದರೆ ಅರ್ಥಿಂಗ್ ಕೆಲಸ ಕುಂದುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡ ನೀರು ಹಾಕಿ. ಪೈಪಿಗೆ ವೈರ್ ಕಟ್ಟಿದ ಬೋಲ್ಟ್ ತುಕ್ಕು ಹಿಡಿದಿದೆಯಾ ಅಂತ ವರ್ಷಕ್ಕೊಮ್ಮೆಯಾದರೂ ನೋಡಿಸಿ. ನಾನು ನೋಡಿದ ಮಟ್ಟಿಗೆ ಗುಂಡಿ ಚೆನ್ನಾಗಿಯೇ ಇರುತ್ತದೆ, ಸಂಬಂಧ ಕಡಿದುಹೋಗಿರುವುದು ಆ ಬೋಲ್ಟಿನಲ್ಲಿ. ಅರ್ಥ್ ಟೆಸ್ಟರ್ ತಂದು ಅಳೆಯುವವರು ಸಿಕ್ಕರೆ ಅಳೆಸಿ. ಮನೆಗೆ 5 ಓಮ್ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ.

ನಮ್ಮ ಎಲೆಕ್ಟ್ರಿಷಿಯನ್ ಒಂದು ಹೋಲ್ಡರಿಗೆ ಎರಡು ವೈರ್ ಕಟ್ಟಿ, 100 ವ್ಯಾಟಿನ ಹಳೇ ಹಳದಿ ಬಲ್ಬು ಹಾಕಿಟ್ಟುಕೊಂಡಿದ್ದಾರೆ. ಟೆಸ್ಟ್ ಲ್ಯಾಂಪ್ ಅಂದರೆ ಇದೇ. ಅಡುಗೆಮನೆಯ ಸಾಕೆಟ್ಟಿನ ಎದುರು ಕುಕ್ಕರುಗಾಲಲ್ಲಿ ಕೂತು, ಮೊದಲು ಫೇಸಿಗೂ ನ್ಯೂಟ್ರಲಿಗೂ ಕೊಟ್ಟರು. ಬಲ್ಬು ಉರಿಯಿತು. ಆಮೇಲೆ ನ್ಯೂಟ್ರಲ್ ಬಿಟ್ಟು ಆ ವೈರನ್ನು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥ್ ಪಿನ್ನಿಗೆ ಕೊಟ್ಟರು. ಬಲ್ಬು ಮಿಂಚಿದ ಹಾಗಾಗಿ ಟಪ್ ಅಂತ ಆರ್‌ಸಿಸಿಬಿ ಬಿತ್ತು, ಮನೆಯೆಲ್ಲ ಕತ್ತಲೆ. "ಬಿತ್ತಲ್ಲ, ಸಾಕು. ಅರ್ಥೂ ಇದೆ, ಇದೂ ಬದುಕಿದೆ" ಅಂದರು. ಅದೇ ಬಚ್ಚಲಿನ ಹತ್ತಿರದ ಸಾಕೆಟ್ಟಿನಲ್ಲಿ ಬಲ್ಬು ಚೆನ್ನಾಗಿ ಉರಿಯಿತು, ಆರ್‌ಸಿಸಿಬಿ ಅಲ್ಲಾಡಲಿಲ್ಲ. ಅವರ ಮುಖ ಗಂಟಾಯಿತು. ಸಾಕೆಟ್ ಬಿಚ್ಚಿ ನೋಡಿದರೆ, ಹಿಂದೆ ಯಾರೋ ಅರ್ಥ್ ವೈರ್ ಎಳೆಯುವ ಸೋಮಾರಿತನಕ್ಕೆ ಒಂದು ಚಿಕ್ಕ ತುಂಡು ವೈರಿನಿಂದ ಅರ್ಥ್ ಪಿನ್ನನ್ನು ನ್ಯೂಟ್ರಲಿಗೇ ಸೇರಿಸಿಬಿಟ್ಟಿದ್ದರು. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಆ ಸಾಕೆಟ್ಟಿಗೆ ಹಾಕಿದ ವಾಷಿಂಗ್ ಮೆಷಿನ್ನಿನ ಮೈಗೇ ಕರೆಂಟು ಬರುತ್ತದೆ. ಸಾಧಾರಣ ಟೆಸ್ಟರಿನಲ್ಲಿ ಇದು ಸಿಕ್ಕುತ್ತಲೇ ಇರಲಿಲ್ಲ.

ಇದನ್ನು ನೋಡಿ ನೀವೇ ಬಲ್ಬು ಹಿಡಿದು ಕೂರಬೇಡಿ, ದಯವಿಟ್ಟು. ಅರ್ಥ್ ವೈರ್ ಕಡಿದಿರುವ ಮನೆಯಲ್ಲಿ ಹೀಗೆ ಮಾಡಿದರೆ ಆ ಬಲ್ಬಿನ ಮೂಲಕ ಫ್ರಿಜ್, ಗೀಸರ್ ಎಲ್ಲದರ ಲೋಹದ ಮೈಗೂ ಕರೆಂಟು ಹರಿಯುತ್ತದೆ. ಯಾರು ಎಲ್ಲಿ ಮುಟ್ಟಿಕೊಂಡಿದ್ದಾರೆ ಅಂತ ನೋಡಿಕೊಂಡು ಅವರು ಮಾಡುವ ಕೆಲಸ ಅದು. "ಪ್ರತಿ ಸಾಕೆಟ್ಟಿನ ಅರ್ಥ್ ಟೆಸ್ಟ್ ಮಾಡಿ ತೋರಿಸಿ" ಅಂತ ಕೇಳುವುದಷ್ಟೇ ನಮ್ಮ ಕೆಲಸ.

ಸಾಮಾನು ನೀವೇ ತನ್ನಿ

ರಿಪೇರಿಯಾದರೆ ದಿನಗೂಲಿ, ಹೊಸ ವೈರಿಂಗಾದರೆ ಪಾಯಿಂಟಿಗೆ ಇಷ್ಟು ಅಂತ ಮಾತಾಡಿಕೊಳ್ಳುವುದು ರೂಢಿ. ಪಾಯಿಂಟ್ ಲೆಕ್ಕವಾದರೆ ಟೂ-ವೇ ಸ್ವಿಚ್, ಮೋಟರ್ ಲೈನು, ಗೋಡೆ ಕೊರೆಯುವುದು ಅದರಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಜಗಳ ಆಗುವುದು ಯಾವಾಗಲೂ ಅಲ್ಲಿಯೇ.

ಸಾಮಾನು ಮಾತ್ರ ಅವರ ಕೈಯಲ್ಲಿ ಪಟ್ಟಿ ಬರೆಸಿಕೊಂಡು ನಾವೇ ತರುವುದು ವಾಸಿ. ಕೆಲಸದವರನ್ನು ನಂಬುವುದಿಲ್ಲ ಅಂತಲ್ಲ, ಬಿಲ್ಲು ನಮ್ಮ ಕೈಯಲ್ಲಿರುತ್ತದೆ, ಹಾಳಾದರೆ ವಾಪಸ್ ಕೊಡಲು ಆಗುತ್ತದೆ. ವೈರ್ ತಾಮ್ರದ್ದೇ ಇರಬೇಕು, ಐಎಸ್‌ಐ ಗುರುತು ಇರಬೇಕು. ಒಂದು ಸುರುಳಿ ಸಾಮಾನ್ಯವಾಗಿ 90 ಮೀಟರ್. ಲೈಟು ಫ್ಯಾನಿಗೆ ಒಂದೂವರೆ ಚದರ ಎಂಎಂ (ಅಂಗಡಿಯಲ್ಲಿ ಬರೀ ಎಂಎಂ ಅನ್ನುತ್ತಾರೆ) ಹಾಕಿ ಅದಕ್ಕೆ 6 ಅಥವಾ 10 ಆಂಪಿಯರ್ ಎಂಸಿಬಿ, ದೊಡ್ಡ ಸಾಕೆಟ್ಟಿಗೆ ಎರಡೂವರೆ ಎಂಎಂ ಹಾಕಿ 16 ಆಂಪಿಯರ್, ಗೀಸರ್ ಅಥವಾ ಎಸಿಗೆ 4 ಎಂಎಂ ಹಾಕಿ 20 ಆಂಪಿಯರ್. ಮನೆ ದೊಡ್ಡದಿದ್ದರೆ, ಲೈನ್ ಉದ್ದ ಇದ್ದರೆ ಲೆಕ್ಕ ಬದಲಾಗುತ್ತದೆ, ಅದನ್ನು ಎಲೆಕ್ಟ್ರಿಷಿಯನ್ ಹೇಳಬೇಕು. ಬಣ್ಣ ಗಮನಿಸಿ: ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. "ಹಸಿರು ಖಾಲಿಯಾಯ್ತು, ಕೆಂಪನ್ನೇ ಅರ್ಥಿಗೆ ಹಾಕ್ತೀನಿ" ಅಂದರೆ ಒಪ್ಪಬೇಡಿ. ಹತ್ತು ವರ್ಷದ ಮೇಲೆ ಅದನ್ನು ಬಿಚ್ಚುವವನು ಬೇರೆಯವನು.

ಎಂಸಿಬಿ ಬೀಳುತ್ತಿದೆ ಅಂತ ವೈರ್ ಬದಲಾಯಿಸದೆ ಎಂಸಿಬಿಯನ್ನಷ್ಟೇ ದೊಡ್ಡದು ಹಾಕುವುದು, ಹಳೇ ಕಟ್ಟೌಟಿನಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ನಾಲ್ಕು ಎಳೆ ಹುರಿ ಮಾಡಿ ಕಟ್ಟುವುದು, ಎರಡೂ ಒಂದೇ. ಆಮೇಲೆ ಸುಡುವುದು ಫ್ಯೂಸಲ್ಲ, ಗೋಡೆಯೊಳಗಿನ ವೈರು. ಲೋಡಿನ ಲೆಕ್ಕ ಕಷ್ಟವೇನಲ್ಲ. ಸಾಮಾನಿನ ಮೇಲಿರುವ ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್. 3,000 ವ್ಯಾಟಿನ ಗೀಸರ್ 13 ಆಂಪಿಯರ್. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ನಾಲ್ಕೂ ಚಿಲ್ಲರೆ. 1,500 ವ್ಯಾಟಿನ ಕೆಟಲ್ ಆರೂವರೆ, ಅಂದರೆ 6 ಆಂಪಿಯರಿನ ಚಿಕ್ಕ ಸಾಕೆಟ್ಟಿಗೆ ಅದೊಂದೇ ಜಾಸ್ತಿ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಅದರ ಪಕ್ಕ ಇಂಡಕ್ಷನ್ ಒಲೆಯನ್ನೂ ಸಿಕ್ಕಿಸಿದರೆ ಏನಾಗಬಹುದು ಅಂತ ನೀವೇ ಲೆಕ್ಕ ಹಾಕಿ. ಹಂಡೆ ಒಲೆ ಇದ್ದರೂ ಬೆಂಗಳೂರಿನಿಂದ ಮಕ್ಕಳು ಬಂದಾಗ ಗೀಸರ್ ಬೇಕು ಅನ್ನುವ ಮನೆಗಳು ನಮ್ಮ ಕಡೆ ಈಗ ತುಂಬ. ಗೀಸರ್ ಹಾಕಿಸಿ, ತೊಂದರೆಯಿಲ್ಲ. ಆದರೆ ಅದಕ್ಕೆ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ.

ಅಟ್ಟ, ಅಂಗಳ, ತೋಟ

ಹೆಂಚಿನ ಮನೆಯ ವೈರಿಂಗಿಗೆ ದೊಡ್ಡ ಶತ್ರು ಇಲಿ. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ಹಳೇ ವೈರು ಇನ್ನೂ ಅಟ್ಟದಲ್ಲಿದ್ದರೆ, ಅದನ್ನು ತೇಪೆ ಹಾಕಿಸುವ ಬದಲು ತೆಗೆಸಿ ಪಿವಿಸಿ ಪೈಪಿನಲ್ಲಿ ಹೊಸದು ಹಾಕಿಸಿ. ಅಟ್ಟದ ಮೇಲೆ ಅಡಿಕೆ ಚೀಲ, ಒಣಹುಲ್ಲು, ಹಳೇ ಚಾಪೆ ಇರುವ ಮನೆಗಳಲ್ಲಂತೂ ಮುಂದಿನ ವರ್ಷಕ್ಕೆ ದೂಡಬೇಡಿ. ಜಾಯಿಂಟ್ ಇರುವ ಕಡೆ ಕಪ್ಪು ಟೇಪು ಸುತ್ತಿ ಬಿಟ್ಟರೆ ಸಾಲದು. ಟೇಪಿನ ಅಂಟು ಸೆಕೆಗೆ ಕರಗಿ ಬಿಚ್ಚಿಕೊಳ್ಳುತ್ತದೆ. ಕನೆಕ್ಟರ್ ಹಾಕಿ, ಜಂಕ್ಷನ್ ಬಾಕ್ಸಿನೊಳಗೆ ಮುಚ್ಚಬೇಕು.

ಬಟ್ಟೆ ಒಣಹಾಕುವ ತಂತಿಯನ್ನು ಸರ್ವಿಸ್ ವೈರ್ ಬರುವ ಪೈಪಿಗೆ ಕಟ್ಟಿದ್ದರೆ ಈಗಲೇ ಎದ್ದು ಹೋಗಿ ಬಿಚ್ಚಿ. ಸರ್ವಿಸ್ ವೈರಿನ ಹೊದಿಕೆ ಒಂದು ಕಡೆ ತರಚಿ ಪೈಪಿಗೆ ತಾಗಿದರೆ ಸಾಕು, ಒದ್ದೆ ಬಟ್ಟೆ ಹಿಡಿದು ಹೋದವರು ಉಳಿಯುವುದಿಲ್ಲ. ಮಳೆಗಾಲದಲ್ಲಿ ಇಂಥ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ನೈಲಾನ್ ಹಗ್ಗ ಕಟ್ಟಿ, ಅದನ್ನೂ ಮರಕ್ಕೆ ಕಟ್ಟಿ.

ಅಡಿಕೆ ಸುಲಿಯುವ ಯಂತ್ರವನ್ನು ಅಂಗಳಕ್ಕೂ ಚಪ್ಪರಕ್ಕೂ ಎಳೆದಾಡುತ್ತೇವೆ. ಅದರ ವೈರಿನಲ್ಲಿ ನಡುವೆ ಜಾಯಿಂಟ್ ಇರಬಾರದು, ಮೂರು ಪಿನ್ನಿನ ಪ್ಲಗ್ ಇರಬೇಕು. ಎರಡು ವೈರನ್ನು ಬರಿಗೈಯಲ್ಲಿ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವವರನ್ನು ಸುಲಿಯುವ ಹಂಗಾಮಿನಲ್ಲಿ ಎಷ್ಟು ಸಲ ನೋಡಿಲ್ಲ!

ಎಲೆಕ್ಟ್ರಿಷಿಯನ್‌ಗೆ ಸಂಬಂಧವಿಲ್ಲದ್ದಾದರೂ ತೋಟದವರಿಗೆ ಒಂದು ಮಾತು. ಅಡಿಕೆ ಕೊನೆ ತೆಗೆಯಲು, ಔಷಧಿ ಹೊಡೆಯಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟು ಹರಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಇದು ಫೈಬರ್ ತಾನೇ ಅಂತ ಧೈರ್ಯ. ಕಾರ್ಬನ್ ಫೈಬರಿನಲ್ಲೂ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಆ ಸಾಲಿನ ಮರಗಳ ಕೆಲಸಕ್ಕೆ ಮುಂಚೆ ಮೆಸ್ಕಾಂ ಕಚೇರಿಗೆ ಹೇಳಿ ಲೈನ್ ಆಫ್ ಮಾಡಿಸಿ.

ಸಿಡಿಲು, ಯುಪಿಎಸ್, ನ್ಯೂಟ್ರಲ್

ಸ್ಟೆಬಿಲೈಸರ್ ಇದೆ, ಸಿಡಿಲಿಗೆ ಹೆದರಬೇಕಿಲ್ಲ ಅನ್ನುವುದು ತಪ್ಪು. ಬೋರ್ಡಿನಲ್ಲಿ ಎಸ್‌ಪಿಡಿ ಅಂತ ಒಂದನ್ನು ಹಾಕಿಸಬಹುದು. ಲೈನಿನಲ್ಲಿ ನುಗ್ಗಿ ಬರುವ ವೋಲ್ಟೇಜನ್ನು ಅದು ನೆಲಕ್ಕೆ ಇಳಿಸುತ್ತದೆ. ಆದರೆ ಅರ್ಥಿಂಗ್ ಸರಿಯಿದ್ದರೆ ಮಾತ್ರ. ಮನೆಗೇ ಹೊಡೆದ ಸಿಡಿಲಿಗೆ ಅದೂ ಸಾಲದು. ಹಾಗಾಗಿ ಹಳೇ ಉಪಾಯವೇ ಒಳ್ಳೆಯದು: ಪ್ಲಗ್ ಕೀಳುವುದು. ಟಿವಿಯದ್ದಾದರೆ ಡಿಶ್ಶಿನ ಕೇಬಲ್ಲನ್ನೂ ಕೀಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿತು ಅಂದರೆ ದೂರದ ಗುಡುಗು ಕೇಳುವಾಗಲೇ ಕಿತ್ತುಬಿಡಿ. ನೆತ್ತಿಯ ಮೇಲೆ ಸಿಡಿಲು ಶುರುವಾದ ಮೇಲೆ ಪ್ಲಗ್ಗಿನ ಹತ್ತಿರ ಹೋಗುವುದು ಬೇಡ, ಟಿವಿ ಹೋದರೆ ಹೋಗಲಿ.

ಬಲ್ಬುಗಳು ಒಮ್ಮೆ ಜಗ್ಗನೆ ಉರಿದು, ಒಮ್ಮೆ ಮಂಕಾಗಿ, ಫ್ಯಾನ್ ಎದ್ದೆನೋ ಬಿದ್ದೆನೋ ಅಂತ ತಿರುಗಿದರೆ ಯೋಚಿಸುತ್ತ ನಿಲ್ಲಬೇಡಿ, ಮೇನ್ ಆಫ್ ಮಾಡಿ. ಹೊರಗೆ ಎಲ್ಲೋ ಮರ ಬಿದ್ದು ನ್ಯೂಟ್ರಲ್ ಕಡಿದಿರುತ್ತದೆ. ಆಗ ಮನೆಗೆ 230ರ ಬದಲು 300, 350 ವೋಲ್ಟ್ ಕೂಡ ನುಗ್ಗಬಹುದು. ಎಂಸಿಬಿಯನ್ನು ಅದಕ್ಕಾಗಿ ಮಾಡಿಲ್ಲ, ಅದು ಬೀಳದೇ ಇರಬಹುದು. 1912ಕ್ಕೆ ಫೋನ್ ಮಾಡಿ, ಅವರು ಸರಿ ಮಾಡಿ ಹೋಗುವವರೆಗೆ ಮೇನ್ ಎತ್ತಬೇಡಿ.

ಯುಪಿಎಸ್ ಇದ್ದರೆ, ಮೇನ್ ಆಫ್ ಮಾಡಿದ ಮೇಲೂ ಕೆಲವು ಸ್ವಿಚ್‌ಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಹೊಸದಾಗಿ ಬಂದ ಎಲೆಕ್ಟ್ರಿಷಿಯನ್‌ಗೆ ಇದು ಗೊತ್ತಿರುವುದಿಲ್ಲ. ಅವರು ಸ್ಕ್ರೂಡ್ರೈವರ್ ತೆಗೆಯುವ ಮುಂಚೆ ಯುಪಿಎಸ್ ಎಲ್ಲಿದೆ ಅಂತ ತೋರಿಸಿ, ಅದನ್ನೂ ಆಫ್ ಮಾಡಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ.

ಹೊರಡುವ ಮುಂಚೆ

ಕೆಲಸ ನಡೆಯುವಾಗ ಮೇನ್ ಸ್ವಿಚ್ಚಿನ ಹತ್ತಿರ ಯಾರಾದರೂ ಇರಿ. ತೋಟದಿಂದ ಬಂದ ಯಜಮಾನರು "ಕರೆಂಟ್ ಯಾಕಿಲ್ಲ?" ಅಂತ ಮೇನ್ ಎತ್ತಿಬಿಡುವ ಸಂಭವ ಎಲ್ಲ ಮನೆಯಲ್ಲೂ ಇದೆ. ಬೋರ್ಡ್ ಮುಚ್ಚುವ ಮುಂಚೆ ಒಳಗಿನ ಫೋಟೊ ತೆಗೆದುಕೊಳ್ಳಿ, ಮುಂದೆ ಬರುವವರಿಗೆ ಅದೇ ನಕ್ಷೆ. ಯಾವ ಎಂಸಿಬಿ ಯಾವುದಕ್ಕೆ ಅಂತ ಚೀಟಿ ಅಂಟಿಸಿ: ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಬಾವಿ ಮೋಟರ್. ಅರ್ಥ್ ಪಿನ್ ಮೇಲಿರುವ ಹಾಗೆ ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಬಲಗಡೆ ಫೇಸ್ ಇರಬೇಕು. ಸ್ವಿಚ್ ಆಫ್ ಮಾಡಿದಾಗ ಆ ಬಲಗಡೆಯ ತೂತಿನಲ್ಲಿ ಟೆಸ್ಟರ್ ಉರಿಯಬಾರದು. ಎಲ್ಲ ಸಾಕೆಟ್ಟಿಗೂ ಇದನ್ನು ಅವರ ಕೈಯಲ್ಲೇ ತೋರಿಸಿಕೊಳ್ಳಿ.

ದುಡ್ಡಿನಲ್ಲಿ ಚೌಕಾಸಿ ಮಾಡುವುದಾದರೆ ಕೆಲಸಕ್ಕೆ ಮುಂಚೆ ಮಾಡಿ, ಮುಗಿದ ಮೇಲೆ ಬೇಡ. "ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ?" ಅನ್ನುವವರ ಮನೆಗೆ ಅವರು ಮುಂದಿನ ಸಲ ಟೆಸ್ಟ್ ಮಾಡುವ ಹತ್ತು ನಿಮಿಷವನ್ನೇ ಉಳಿಸುತ್ತಾರೆ. ಊಟದ ಹೊತ್ತಾಗಿದ್ದರೆ ಊಟ ಹಾಕಿ. ನಮ್ಮಲ್ಲಿಗೆ ಬರುವವರು ಮೆಗ್ಗರ್ ಈಗ ಕೇಳದೆಯೇ ತರುತ್ತಾರೆ.

ಕೊನೆಯದಾಗಿ, ಮೇನ್ ಸ್ವಿಚ್ ಮನೆಯಲ್ಲಿ ಎಲ್ಲರ ಕೈಗೂ ಎಟುಕಬೇಕು. ಹಳೇ ಮನೆಗಳಲ್ಲಿ ಮಕ್ಕಳು ಮುಟ್ಟಬಾರದು ಅಂತ ಸೂರಿನ ಹತ್ತಿರ ಹೊಡೆದಿರುತ್ತಾರೆ. ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡಾಗ ಸ್ಟೂಲ್ ಹುಡುಕಿಕೊಂಡು ಓಡಬೇಕಾ? ಅವರನ್ನು ಕೈಯಲ್ಲಿ ಎಳೆಯಬಾರದು, ಮೊದಲು ಮೇನ್ ಆಫ್, ಆಮೇಲೆ 108. ನಮ್ಮ ಮನೆಯಲ್ಲಿ ಅತ್ತೆಯವರಿಗೆ ಎಟುಕುವ ಎತ್ತರಕ್ಕೆ ಬೋರ್ಡನ್ನು ಇಳಿಸಿದ್ದೇವೆ. ಅದರ ಬಾಗಿಲಿನ ಒಳಗೆ 1912, ಸೆಕ್ಷನ್ ಕಚೇರಿಯ ನಂಬರು, ಎಲೆಕ್ಟ್ರಿಷಿಯನ್ ನಂಬರು ಮತ್ತು ಬಿಲ್ಲಿನಲ್ಲಿರುವ ನಮ್ಮ ಆರ್‌ಆರ್ ನಂಬರು (ಕನೆಕ್ಷನ್ನಿನ ನಂಬರು) ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. 1912ರವರು ಮೊದಲು ಕೇಳುವುದೇ ಆರ್‌ಆರ್ ನಂಬರನ್ನು. ಕತ್ತಲೆಯಲ್ಲಿ ಹಳೇ ಬಿಲ್ ಹುಡುಕುತ್ತ ಕೂರುವುದು ಯಾರಿಗೆ ಬೇಕು?